ಚನಿಯ ಬಡಿದ ನೆಲ

ಶುಕ್ರವಾರ ಬೆಳಿಗ್ಗೆ ಐದಕ್ಕೇ ಎದ್ದು ಚನಿಯ ತನ್ನ ಒಂದೇ ಒಂದು ಬಿಳಿ ಅಂಗಿಗೆ ಎರಡನೇ ಸಲ ಇಸ್ತ್ರಿ ಹಾಕಿದ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಆ ಫ್ಲ್ಯಾಟಿನಲ್ಲಿ ಮೂರು ಸಂಸಾರಗಳ ನಡುವೆ ಪ್ಲೈವುಡ್ಡಿನ ಗೋಡೆ. ಆಚೆಯವರು ಮಗ್ಗುಲು ಬದಲಿಸಿದರೂ ಈಚೆಗೆ ಕೇಳುತ್ತಿತ್ತು. ಹೆಂಡತಿ ರಾಜೀವಿ ತಲೆ ಬಾಚಿಕೊಳ್ಳುತ್ತಾ, "ನಮ್ಮ ಮದುವೆಗೂ ನೀವು ಇಷ್ಟು ಇಸ್ತ್ರಿ ಹಾಕ್ಲಿಲ್ಲ," ಎಂದಳು.

"ಮದುವೆಗೆ ಬಂದವರಲ್ಲಿ ನೂರೈವತ್ತು ಕಿಲೋದವರು ಯಾರೂ ಇರ್ಲಿಲ್ಲ ಮಾರಾಯ್ತಿ. ಇವತ್ತು ಹನ್ನೆರಡು ಜನ ಉಂಟು. ಎಲ್ಲ ನನ್ನ ನೆಲದ ಮೇಲೆ ನಿಲ್ಲುವವರು."

ಜಪಾನಿನ ಸುಮೊ ಜಟ್ಟಿಗಳ ತಂಡವೊಂದು ಅಬುಧಾಬಿಗೆ ಬಂದಿತ್ತು. ಸಂಜೆ ಪ್ರದರ್ಶನ, ಬೆಳಿಗ್ಗೆ ಅಭ್ಯಾಸ. ಅಭ್ಯಾಸ ನೋಡಲು ಆಯ್ದ ಅತಿಥಿಗಳಿಗಷ್ಟೇ ಅವಕಾಶ. ಅವರ ಕಣ ಮಣ್ಣಿನದೇ ಆಗಬೇಕು. ಆದರೆ ಜಪಾನಿನಿಂದ ಬರಬೇಕಿದ್ದ ಮಣ್ಣು ಬಂದರಿನ ಕಾಗದಪತ್ರಗಳಲ್ಲಿ ಸಿಕ್ಕಿಕೊಂಡಿತು, ಕಣ ಕಟ್ಟುವ ಮುದುಕ ವೀಸಾದಲ್ಲಿ ಸಿಕ್ಕಿಕೊಂಡ. ಕಾರ್ಯಕ್ರಮದ ಮ್ಯಾನೇಜರ್ ಮೋಹನದಾಸ್ ಊರಿನ ಕಡೆಯವರೇ. ಅವರು ತಲೆಯ ಮೇಲೆ ಕೈಹೊತ್ತು ಕುಳಿತಾಗ, ಗಾರ್ಡನ್ ಕಂಪೆನಿಯ ಫೋರ್‌ಮನ್ ಚನಿಯನ ಹೆಸರು ಯಾರೋ ಹೇಳಿದರು.

ಚನಿಯ ಪಿಕಪ್ ಹತ್ತಿ ರಾಸ್ ಅಲ್ ಖೈಮಾದ ಬೆಟ್ಟಗಳ ಬುಡಕ್ಕೆ ಹೋದ. ಐದು ಕಡೆ ಮಣ್ಣು ಅಗೆಸಿ ಐದನ್ನೂ ನಾಲಿಗೆಯ ಮೇಲಿಟ್ಟು ನೋಡಿದ. ಉಪ್ಪುಪ್ಪಾಗಿದ್ದ ನಾಲ್ಕನ್ನು ಉಗಿದ. ಐದನೆಯದನ್ನೂ ಉಗಿದ, ಆದರೆ ಅದಕ್ಕೆ ಲಾರಿ ತರಿಸಿದ. ಮರದ ಬಡಿಮಣೆಯನ್ನು ತಾನೇ ಕೆತ್ತಿ, ಜಪಾನಿನವರು ಕಳಿಸಿದ ನಕ್ಷೆಯಂತೆ ಆರು ಆಳುಗಳನ್ನು ಕಟ್ಟಿಕೊಂಡು ಮೂರು ದಿನ ಪದರ ಪದರವಾಗಿ ಬಡಿದ. ಅದಕ್ಕೇ ಮೋಹನದಾಸ್ ಅವನಿಗೂ ರಾಜೀವಿಗೂ ಅಭ್ಯಾಸ ನೋಡಲು ಎರಡು ಪಾಸು ಕೊಟ್ಟಿದ್ದರು.

ಆ ವಿದ್ಯೆ ಅಪ್ಪನದು. ಮಳೆ ನಿಂತ ಮೇಲೆ ಊರ ಒಡೆಯರ ಗುತ್ತಿನ ಮನೆಯ ಅಂಗಳವನ್ನು ಭತ್ತ ಬಡಿಯಲು ಹದಮಾಡುವುದು ಅಪ್ಪನ ಪಾಲಿನ ಕೆಲಸವಾಗಿತ್ತು. ಬಡಿದು, ಸೆಗಣಿ ಸಾರಿಸಿಯಾದ ಮೇಲೆ ಅವನು ಅದರ ಮೇಲೆ ಕಾಲಿಡುವಂತಿರಲಿಲ್ಲ. ಅಂಗಳದಾಚೆ ಬೇಲಿಯ ಪಕ್ಕ ಕುಳಿತು, ಒಳಗೆ ಓಡಾಡುವವರ ಹೆಜ್ಜೆಯ ಸದ್ದು ಕೇಳುತ್ತಿದ್ದ. ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಮಗನ ಕಿವಿಯಲ್ಲಿ ಹೇಳುತ್ತಿದ್ದ. ಒಡೆಯರಿಗೆ ಹೇಳುತ್ತಿರಲಿಲ್ಲ. ಇದು ನಾನು ಮಾಡಿದ ನೆಲ ಎಂಬ ಮಾತು ಆ ಬಾಯಿಂದ ಒಮ್ಮೆಯೂ ಬಂದದ್ದಿಲ್ಲ.

ಸಭಾಂಗಣದ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಕಳಚಬೇಕಿತ್ತು. ಮಾತಾಡಬಾರದು, ಮುಗಿಯುವವರೆಗೆ ಏಳಬಾರದು, ಅಂಗಾಲು ಕಣದ ಕಡೆ ತೋರಿಸಬಾರದು ಎಂದು ಒಬ್ಬ ಹುಡುಗಿ ಬಂದು ಹೇಳಿಹೋದಳು. ಸೂಟಿನವರು, ಕಂದೂರದ ಬಿಳಿ ನಿಲುವಂಗಿಯ ಅರಬರು, ಕ್ಯಾಮೆರಾದವರು ಮೆತ್ತೆಗಳ ಮೇಲೆ ಕಷ್ಟಪಟ್ಟು ಮಂಡಿ ಮಡಚಿದರು. ಚನಿಯನಿಗೆ ಮಾತ್ರ ಅದು ದಿನದಿನದ ಕೂರುವಿಕೆ.

ಮೋಹನದಾಸ್ ಮೈಕ್ ಹಿಡಿದು ಇಂಗ್ಲಿಷಿನಲ್ಲಿ ಸ್ವಾಗತ ಕೋರಿದರು. ರಾಜೀವಿ ಕ್ಲಿನಿಕ್ಕಿನಲ್ಲಿ ಆಯಾ. ಇಂಗ್ಲಿಷು ಗಂಡನಿಗಿಂತ ಅವಳ ಕಿವಿಗೆ ಹೆಚ್ಚು ಬಿದ್ದಿತ್ತು.

"ಕಣ ಕಟ್ಟಿದ್ದು ಜಪಾನಿನ ಎಕ್ಸ್‌ಪರ್ಟ್‌ಗಳಂತೆ," ಎಂದು ಅವಳು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ನಿಮ್ಮ ಹೆಸರೇ ಇಲ್ಲ."

"ಬಿಡು. ಬಿರುಕು ಬಿಟ್ರೆ ಆಗಲೂ ನನ್ನ ಹೆಸರು ಇರುದಿಲ್ಲ."

ಹಾಗೆ ಹೇಳಿದನೇ ಹೊರತು ಅವನಿಗೆ ನೋವಾಗಿತ್ತು. ಮುಖ ತಿರುಗಿಸಿ ಕಣದ ಕಡೆ ನೋಡಿದ. ಮಣ್ಣು ಬರಿದಾಗಿ ಬಿದ್ದಿತ್ತು. ಅಭ್ಯಾಸ ಶುರುವಾಗುವವರೆಗೂ ಏಸಿ ಹಾಕಬೇಡಿ, ಒದ್ದೆ ಗೋಣಿ ತೆಗೆಯಬೇಡಿ ಎಂದು ಹೇಳಿ ಹೋಗಿದ್ದ. ಫೋಟೋಗೆ ಚೆಂದ ಕಾಣುವುದಿಲ್ಲವೆಂದು ಯಾರೋ ಗೋಣಿಗಳನ್ನು ರಾತ್ರಿಯೇ ಎತ್ತಿದ್ದರು. ಬಲಗಡೆಯ ಏಸಿ ನೇರ ಮಣ್ಣಿನ ಮೇಲೆ ಊದುತ್ತಿತ್ತು.

ಜಟ್ಟಿಗಳು ಬಂದರು. ಸೊಂಟಕ್ಕೆ ದಪ್ಪ ಪಟ್ಟಿ, ಬರಿಮೈ, ಎಣ್ಣೆ ಹಚ್ಚಿ ಎತ್ತಿ ಕಟ್ಟಿದ ಕೂದಲು. ಸಾಲಾಗಿ ನಿಂತು ಒಂದು ಕಾಲನ್ನು ತಲೆಯ ಮಟ್ಟಕ್ಕೆತ್ತಿ ನೆಲಕ್ಕೆ ಇಳಿಸಿದರು, ಆಮೇಲೆ ಇನ್ನೊಂದು. ಅತಿಥಿಗಳು ಬಾಯಿ ಬಿಟ್ಟುಕೊಂಡು ಆ ತೊಡೆಗಳನ್ನೂ ಹೊಟ್ಟೆಗಳನ್ನೂ ನೋಡುತ್ತಿದ್ದರೆ ಚನಿಯ ಕಣ್ಣು ಮುಚ್ಚಿದ.

ಧಪ್. ಧಪ್. ಧಪ್. ಒಳ್ಳೆಯ ಸದ್ದು. ತನ್ನ ಕೈಯ ಕೆಲಸ ಅಷ್ಟು ಭಾರ ಹೊತ್ತು ಮಾತಾಡುವುದನ್ನು ಕೇಳಿ ಅವನಿಗೆ ಹೆಮ್ಮೆಯಾಯಿತು. ಅಷ್ಟರಲ್ಲಿ ಬಲತುದಿಯಿಂದ ಒಂದು ಡಬ್.

ರಾಜೀವಿಯ ಮೊಣಕೈ ಪಕ್ಕೆಗೆ ಬಿತ್ತು. "ನಿದ್ರೆಯಾ ಎಂತ?"

"ಆ ಮೂಲೆ ಟೊಳ್ಳಾಗಿದೆ. ಮೇಲಿನ ಪದರ ಒಣಗಿ ಎದ್ದಿದೆ."

ಕಾಲು ಎತ್ತಿಳಿಸುವುದು ಮುಗಿಯಿತು. ಇನ್ನು ಇಬ್ಬಿಬ್ಬರಾಗಿ ಡಿಕ್ಕಿ ಹೊಡೆಯುವ ಸರದಿ. ಆ ಮೂಲೆಯಲ್ಲಿ ಒಬ್ಬನ ಹಿಮ್ಮಡಿ ಕುಸಿದರೂ ಸಾಕು, ಕಣಕಾಲು ಮುರಿದಂತೆಯೇ. ಚನಿಯ ಸುಮ್ಮನೆ ಕೂರಬಹುದಿತ್ತು. ನೆಲ ಅವನದೆಂದು ಇಲ್ಲಿ ರಾಜೀವಿ, ಮೋಹನದಾಸರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎದ್ದರೆ ಮೋಹನದಾಸ್ ಹೇಳಿದ ಸುಳ್ಳು ಎಲ್ಲರೆದುರು ಬಯಲಾಗುತ್ತದೆ, ಕಂಪೆನಿಗೆ ಒಂದು ಫೋನು ಹೋದರೆ ಅವನ ಕೆಲಸ ಖಲಾಸ್. ಅವನಿಗೆ ಹೆದರಿಕೆಯಾಯಿತು. ಬೇಲಿಯ ಪಕ್ಕ ಬಾಯಿಮುಚ್ಚಿ ಕುಳಿತಿದ್ದ ಅಪ್ಪನ ನೆನಪಾಗಿ, ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು.

ಅವನು ಎದ್ದು ನಿಂತ.

"ಸ್ಟಾಪ್ ಸರ್," ಎಂದ. ಇಡೀ ಸಭೆ ತಿರುಗಿತು. ಚನಿಯ ಎದೆಯ ಮೇಲೆ ಕೈಯಿಟ್ಟು ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದ: "ದಿಸ್ ಫ್ಲೋರ್ ಮೈ ವರ್ಕ್. ದಟ್ ಸೈಡ್ ನಾಟ್ ಗುಡ್."

ಮೋಹನದಾಸ್ ಓಡಿಬಂದು ತೋಳು ಹಿಡಿದರು. "ಎಂತ ಮಾರಾಯ, ಮರ್ಯಾದೆ ತೆಗೀತಿಯಾ? ಕೂತ್ಕೋ."

"ಮರ್ಯಾದೆ ಹೋಗುದಾದ್ರೆ ನಂದೇ ಹೋಗ್ಲಿ. ಮಣ್ಣು ಬಡಿದದ್ದು ನಾನಲ್ವಾ?"

ಕಣ ಕಟ್ಟುವ ಜಪಾನಿ ಮುದುಕ ಕೊನೆಗೂ ವೀಸಾ ಸಿಕ್ಕಿ ಹಿಂದಿನ ಸಂಜೆಯಷ್ಟೇ ಬಂದಿಳಿದಿದ್ದ. ಬರಿಗಾಲಲ್ಲಿ ಕಣಕ್ಕೆ ಒಂದು ಸುತ್ತು ಬಂದು ಹೂಂಕರಿಸಿ ಹೋಗಿದ್ದ. ಅದರ ಅರ್ಥವೇನೆಂದು ಯಾರೂ ಕೇಳಿರಲಿಲ್ಲ. ಈಗ ಅವನು ಎದ್ದು ಆ ಮೂಲೆಗೆ ಹೋದ, ಮಂಡಿಯೂರಿ ಬೆರಳ ಗೆಣ್ಣಿನಿಂದ ತಟ್ಟಿದ, ಕಿವಿಯನ್ನು ನೆಲಕ್ಕೆ ಹತ್ತಿರ ತಂದ. ಚನಿಯನ ಅಪ್ಪ ಕೇಳುತ್ತಿದ್ದುದೂ ಹೀಗೆಯೇ, ಬಾಯಿ ಸ್ವಲ್ಪ ತೆರೆದುಕೊಂಡು. ಮುದುಕ ತಲೆ ಎತ್ತಿ ಚನಿಯನನ್ನೇ ನೋಡಿದ. ಆಮೇಲೆ ಗೋಡೆಗೆ ಒರಗಿಸಿಟ್ಟಿದ್ದ ಎರಡು ಬಡಿಮಣೆಗಳನ್ನು ತಂದು ಒಂದನ್ನು ಅವನಿಗೆ ಚಾಚಿದ. ಚನಿಯ ತಾನೇ ಕೆತ್ತಿದ್ದ ಬಡಿಮಣೆ ಅದು.

ಚನಿಯ ಇಸ್ತ್ರಿ ಹಾಕಿದ ಅಂಗಿಯ ತೋಳು ಮಡಚಿ ಕಣದೊಳಕ್ಕೆ ಕಾಲಿಟ್ಟ. ಇಬ್ಬರೂ ಸೇರಿ ಎದ್ದ ಪದರವನ್ನು ಕೆರೆದರು, ನೀರು ಚಿಮುಕಿಸಿದರು, ಹಸಿಮಣ್ಣು ತುಂಬಿ ಬಡಿಯತೊಡಗಿದರು. ಒಬ್ಬನದು ಏಳುವಾಗ ಇನ್ನೊಬ್ಬನದು ಇಳಿಯುತ್ತಿತ್ತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ಲಯ ಒಮ್ಮೆಯೂ ತಪ್ಪಲಿಲ್ಲ. ಮುಕ್ಕಾಲು ಗಂಟೆ ಹನ್ನೆರಡು ಜಟ್ಟಿಗಳು ಗೋಡೆಗೊರಗಿ ಕಾದರು. ಸೂಟಿನವರೂ ಕಾದರು, ಮೋಹನದಾಸರೂ ಕಾದರು. ದೊಡ್ಡವರೆಲ್ಲ ಕಣದ ಹೊರಗಿದ್ದರು, ಚನಿಯ ಒಳಗಿದ್ದ.

ಕೊನೆಗೆ ಮುದುಕ ಎಲ್ಲರಿಗಿಂತ ದೊಡ್ಡ ಜಟ್ಟಿಗೆ ಸನ್ನೆ ಮಾಡಿದ. ಅವನು ಬಂದು ಅದೇ ಮೂಲೆಯಲ್ಲಿ ಕಾಲೆತ್ತಿ ಇಳಿಸಿದ.

ಧಪ್.

ಮುದುಕ ಮೊದಲು ನೆಲಕ್ಕೆ ತಲೆಬಾಗಿದ, ಆಮೇಲೆ ಚನಿಯನಿಗೆ. ಹೇಗೆ ಉತ್ತರಿಸಬೇಕೆಂದು ತಿಳಿಯದೆ ಚನಿಯ ಮಣ್ಣು ಮೆತ್ತಿದ ಕೈಗಳನ್ನೇ ಜೋಡಿಸಿದ. ಅಂಗಿ ಕೆಸರಾಗಿತ್ತು, ಕಣ್ಣು ಒದ್ದೆಯಾಗಿತ್ತು, ಅದನ್ನು ಒರೆಸಲು ಹೋಗಿ ಮುಖವೂ ಕೆಸರಾಯಿತು.

ರಾಜೀವಿಗೆ ಒಂದು ಅಭ್ಯಾಸವಿತ್ತು. ಗಂಡನಿಗೆ ಎಂತ ಕೆಲಸ ಎಂದು ಯಾರಾದರೂ ಕೇಳಿದರೆ ‘ಲ್ಯಾಂಡ್‌ಸ್ಕೇಪ್ ಸೂಪರ್‌ವೈಸರ್’ ಎಂದು ಬೇಗ ಹೇಳಿ ಮಾತು ಬದಲಿಸುತ್ತಿದ್ದಳು. ಈಗ ಪಕ್ಕದ ಮೆತ್ತೆಯಲ್ಲಿದ್ದ ಮುತ್ತಿನ ಸರದ ಹೆಂಗಸು ಅವಳತ್ತ ಬಾಗಿ, ಅವರು ನಿನ್ನ ಗಂಡನೇ ಎಂದು ಇಂಗ್ಲಿಷಿನಲ್ಲಿ ಮೆಲ್ಲನೆ ಕೇಳಿದಳು.

ಆ ಸಭೆಯಲ್ಲಿ ಮಾತಾಡಬಾರದೆಂಬುದು ರಾಜೀವಿಗೆ ಚೆನ್ನಾಗಿ ನೆನಪಿತ್ತು.

"ಯೆಸ್," ಎಂದಳು ಅವಳು, ಆಚೆ ತುದಿಯಲ್ಲಿದ್ದ ಮೋಹನದಾಸರಿಗೂ ಕೇಳುವಷ್ಟು ಗಟ್ಟಿಯಾಗಿ. "ಹೀ ಮೇಡ್ ದಿಸ್ ಫ್ಲೋರ್."