ಗುರುತು ಸಿಗದ ದಾರಿ

ಅಪ್ಪನ ಹಣೆಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದ ಅಕ್ಷರಾಳ ಕೈ ನಡುವೆಯೇ ನಿಂತಿತು. ಲೊಂಬಾರ್ಡ್‌ನ ಆ ಫ್ಯೂನರಲ್ ಹೋಮಿನ ಕಿಟಕಿಯಾಚೆ, ಪಾರ್ಕಿಂಗ್ ಲಾಟಿನಲ್ಲಿ, ಬಾಗಿಲುದ್ದಕ್ಕೂ ಕೆಸರು ಸಿಡಿದ ಪಿಕಪ್ ಟ್ರಕ್ಕೊಂದು ಬಂದು ನಿಂತಿತ್ತು.

“ನಡಕ ಕೈ ತಗೀಬ್ಯಾಡ, ಒಂದ ಸಲಕ್ಕ ಎಳಿ,” ಎಂದಳು ಅವ್ವ ಗಂಗಮ್ಮ. “ನೋಡು, ಗೆರಿ ಸೊಟ್ಟ ಆತು. ನಿಮ್ಮಪ್ಪ ಇದ್ದಿದ್ರ, ಅಳಿಸಿ ಮತ್ತ ಹಚ್ಚು ಅಂತಿದ್ರು.”

“ಅವ್ವಾ, ರಸ್ ಬಂದಿದಾನೆ.”

“ಯಾರು, ಆ ಗೋವಿನಜೋಳದ ಹೊಲದವನಾ? ಐದು ತಾಸು ಗಾಡಿ ಹೊಡಕೊಂಡು ಬಂದಾನಲ್ಲ, ಪುಣ್ಯಾತ್ಮ!”

ಅವ್ವನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಅಕ್ಷರಾ ಒಬ್ಬಳೇ. ರಸ್‌ಗೆ ಹೇಳುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟು ಒಂಬತ್ತು ದಿನವಾಗಿತ್ತು. ಕ್ಲಾಸಿನಲ್ಲಿ, ಟ್ರೇನಿನಲ್ಲಿ, ಆಸ್ಪತ್ರೆಯ ಲಿಫ್ಟಿನಲ್ಲಿ ಮೆಸೇಜ್ ಟೈಪ್ ಮಾಡಿದ್ದಳು, ಅಳಿಸಿದ್ದಳು. ಈಗ ಆ ಮನುಷ್ಯನೇ ಅಭ್ಯಾಸವಿಲ್ಲದ ಟೈಯನ್ನು ಎಳೆದುಕೊಳ್ಳುತ್ತ ಬಾಗಿಲಿಗೆ ಬರುತ್ತಿದ್ದ.

*

ಅಪ್ಪ ದಾನಪ್ಪನವರ ಕೆಲಸವನ್ನು ಯಾರಿಗೂ ಒಂದೇ ಮಾತಿನಲ್ಲಿ ವಿವರಿಸಲು ಬರುತ್ತಿರಲಿಲ್ಲ. ಲೊಂಬಾರ್ಡ್ ಇದ್ದ ರಾಜ್ಯದ ದಕ್ಷಿಣದ ಹೊಲಗಳಡಿ ಕಲ್ಲಿದ್ದಲು ಇದೆಯೇ ಎಂದು ಕೊರೆದು ನೋಡುವ ಕಂಪನಿ ಅವರದು. ಕೊರೆಯುವ ಯಂತ್ರ ಹೊತ್ತ ಟ್ರಕ್ಕು ಯಾವ ಬೇಲಿಯಿಂದ ಒಳಗೆ ಹೋಗಬೇಕು, ಎಲ್ಲಿ ತಿರುಗಬೇಕು, ಎಲ್ಲಿ ಜಲ್ಲಿ ಹಾಕಬೇಕು ಎಂದು ಅವರು ನಕ್ಷೆ ಬರೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಆ ದಾರಿಯನ್ನು ಇಲ್ಲವಾಗಿಸುವುದೂ ಅವರದೇ ಹೊಣೆ. ಮೇಲ್ಮಣ್ಣನ್ನು ಮೊದಲೇ ಬೇರೆ ಗುಡ್ಡೆ ಹಾಕಿಸುತ್ತಿದ್ದರು. ಕೊನೆಗೆ ಕೊರೆದ ತೂತಿಗೆ ಸಿಮೆಂಟು ತುಂಬಿ, ಕೆಳಗಿನ ಜೇಡಿಯನ್ನು ಕೆಳಗೇ ಹಾಕಿ, ಮೇಲೆ ಕಪ್ಪು ಮಣ್ಣು ಹರಡಿ ಬೀಜ ಬಿತ್ತಿಸುತ್ತಿದ್ದರು.

“ನಾ ಮಾಡಿದ್ದು ಯಾರಿಗೂ ಕಾಣಬಾರ್ದು, ಅದ ನನ್ನ ಕೆಲಸ,” ಎಂದು ನಗುತ್ತಿದ್ದರು.

ಆಸ್ಪತ್ರೆಯಲ್ಲಿ ಅವರು ನಗಲಿಲ್ಲ.

“ರಸ್‌ನ ಹೊಲದ ಮೂಲ್ಯಾಗ ನೀರು ನಿಲ್ತದಲ್ಲ ಅಕ್ಷರಾ, ಅದು ನನ್ನ ದಾರಿಯಿಂದ ಆಗಿದ್ದು.”

“ಅವನ ತಮ್ಮ ಪೈಪ್ ಸರಿಯಾಗಿ ಹಾಕಿಲ್ಲ ಅಂತ ನೀವೇ ಹೇಳಿದ್ರಲ್ಲಪ್ಪಾ?”

“ಹಂಗಂತ ರಸ್ ತಿಳಕೊಂಡಾನ. ನಾ ಹೌದು ಅಂದೆ.”

ಹೊಲದ ಅಡಿಯಲ್ಲಿ ನೀರು ಬಸಿದು ಹೋಗಲು ಹೂತ ಹಳೆಯ ಮಣ್ಣಿನ ಪೈಪುಗಳಿದ್ದವು. ರಸ್‌ನ ತಮ್ಮ ಡೇಲ್, ದಾರಿ ಹಾಕುವ ಹಿಂದಿನ ವರ್ಷವಷ್ಟೇ ಅವನ್ನು ರಿಪೇರಿ ಮಾಡಿದ್ದ. ದಾರಿ ಹಾಕುವ ಮುನ್ನ ದಾನಪ್ಪ ಪ್ರತಿ ಹೊಲದಲ್ಲೂ ಉದ್ದನೆಯ ಸಲಾಕೆ ಚುಚ್ಚುತ್ತ ನಡೆದು ಪೈಪು ಎಲ್ಲಿದೆಯೆಂದು ನೋಡುತ್ತಿದ್ದರು. ರಸ್‌ನ ಹೊಲದಲ್ಲಿ ಮಾತ್ರ ಹಳೆಯ ನಕ್ಷೆಯನ್ನೇ ನಂಬಿದರು. ಪೈಪು ಅದರಲ್ಲಿದ್ದ ಜಾಗಕ್ಕಿಂತ ಮೂವತ್ತು ಅಡಿ ಈಚೆಗಿತ್ತು. ಟ್ರಕ್ಕು ಅದರ ಮೇಲೆಯೇ ಹತ್ತಿತು. ದಾರಿ ಕಿತ್ತು ತೆಗೆಯುವಾಗ ಒಡೆದ ಪೈಪಿನ ಕೆಂಪು ಚೂರುಗಳು ಮೇಲೆ ಬಂದವು.

“ನಾ ನೋಡಿದೆ. ನೋಡಿ ಮುಚ್ಚಿಸಿದೆ,” ಎಂದರು. “ಆರು ವರ್ಷ ಆತು, ಅಣ್ಣತಮ್ಮಂದಿರು ಒಬ್ಬರ ಮಾರಿ ಒಬ್ರು ನೋಡಿಲ್ಲ.”

ಅಕ್ಷರಾ ಫೋನ್ ಹಚ್ಚಿ ಅವರ ಕಿವಿಗೆ ಹಿಡಿದಳು. ರಸ್ ಎತ್ತಲಿಲ್ಲ. ವಾಯ್ಸ್‌ಮೇಲಿಗೆ ದಾನಪ್ಪ ಆ ವಾರದ ಮಳೆಯ ಬಗ್ಗೆ ಎರಡು ನಿಮಿಷ ಮಾತಾಡಿದರು. ಫೋನ್ ಇಟ್ಟಮೇಲೆ ಕಣ್ಣು ಮುಚ್ಚಿದರು.

“ನನ್ನ ಕೈಲಿ ಆಗೂದಿಲ್ಲ. ನೀ ಹೇಳು ಯವ್ವಾ.”

*

“ಇವತ್ತು ಬೇಡಮ್ಮಾ,” ಎಂದರು ಸೋಮು ಅಂಕಲ್. ಅಪ್ಪನ ಆಫೀಸಿನವರು, ಮೈಸೂರಿನವರು. ಅಕ್ಷರಾ ಅವರನ್ನು ಫ್ಯೂನರಲ್ ಹೋಮಿನ ಕಾಫಿ ಮೆಷಿನ್ನಿನ ಪಕ್ಕ ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳಿಬಿಟ್ಟಿದ್ದಳು. “ಕಂಪನಿನೇ ಮುಚ್ಚೋಯ್ತು. ಯಾರಿಗೇನಾಗ್ಬೇಕು ಈಗ? ಮನುಷ್ಯ ಮರ್ಯಾದೆಯಾಗಿ ಹೋಗ್ಲಿ.”

“ಡೇಲ್‌ಗೆ ಆಗ್ಬೇಕಲ್ಲ ಅಂಕಲ್?”

“ಒಂದು ತಿಂಗಳು ಬಿಟ್ಟು ಇಮೇಲ್ ಹಾಕು.”

“ನಾನು ಹಾಕಲ್ಲ. ಐ ನೋ ಮೀ.”

ಹಿಂದಿನಿಂದ ಗಂಗಮ್ಮನ ದನಿ ಬಂತು. “ಸೋಮಣ್ಣಾರ, ಕೂಡಿಸಿ ಮಣ್ಣು ಮಾಡಾಕ ಇವ್ರು ಒಪ್ಪೂದ ಇಲ್ಲೇನು?”

“ಇಲ್ಲ ಅಕ್ಕಾ, ಪೆಟ್ಟಿಗೇಲಿ ಮಲಗಿಸ್ಲೇಬೇಕಂತೆ.”

“ಹಗಲೊತ್ತು ಒಂದ ದಿನಾನೂ ಮಲಗಿದವ್ರಲ್ಲ,” ಎಂದಳು ಗಂಗಮ್ಮ. ನಗುವೋ ಅಳುವೋ ತಿಳಿಯದಂತೆ ಸೆರಗನ್ನು ಬಾಯಿಗೊತ್ತಿಕೊಂಡಳು.

ಮಾತಾಡುವವರ ಸರದಿ ಬಂದಾಗ ರಸ್ ಎದ್ದು ನಿಂತ. ಅವನ ಇಂಗ್ಲಿಷು ನಿಧಾನದ್ದು. “ನನ್ನ ಹೊಲಕ್ಕೆ ತುಂಬ ಜನ ಬಂದು ಹೋಗಿದ್ದಾರೆ. ಎಲ್ಲರೂ ಏನಾದರೂ ಹಾಳು ಮಾಡಿಯೇ ಹೋದರು. ಇವರು ಹಾಕಿದ ದಾರಿ ಎಲ್ಲಿತ್ತೆಂದು ಇವತ್ತು ನನಗೂ ಗುರುತು ಸಿಗುವುದಿಲ್ಲ. ಸ್ವಂತ ತಮ್ಮನ ಕೆಲಸವನ್ನು ನಂಬಲಾರೆ, ಇವರ ಕೆಲಸವನ್ನು ನಂಬುತ್ತೇನೆ.”

ಸೋಮು ಅಂಕಲ್ ನೆಲ ನೋಡಿದರು. ಅಕ್ಷರಾಳ ಮೊಣಕಾಲು ಕುಣಿಯುತ್ತಲೇ ಇತ್ತು. ಅವ್ವ ಅದರ ಮೇಲೆ ಕೈಯಿಟ್ಟು ಒತ್ತಿದಳು.

*

ಸ್ಮಶಾನದಲ್ಲಿ ಚಳಿಗಾಳಿ ಬೀಸುತ್ತಿತ್ತು, ನಲವತ್ತೆರಡು ಡಿಗ್ರಿ ಫ್ಯಾರನ್‌ಹೀಟ್. ಪೆಟ್ಟಿಗೆ ಇಳಿದ ಮೇಲೆ ಗಂಗಮ್ಮ ಬಿಲ್ವಪತ್ರೆ ಹಾಕಿದಳು. ಉಳಿದವರು ಒಂದೊಂದು ಹಿಡಿ ಮಣ್ಣು ತೆಗೆದುಕೊಂಡು ಸಾಲಾಗಿ ನಿಂತರು. ಅಕ್ಷರಾಳ ಮುಂದೆಯೇ ರಸ್ ಇದ್ದ. ಅವನ ಮುಂದೆ ಇನ್ನು ಇಬ್ಬರೇ.

“ರಸ್,” ಎಂದಳು. ಅವನು ತಿರುಗಿದ. “ಆ ಮೂಲೆಯ ನೀರು. ಅದು ಡೇಲ್‌ನಿಂದ ಆದದ್ದಲ್ಲ. ಅಪ್ಪನ ಟ್ರಕ್ಕು ಪೈಪನ್ನು ಒಡೆದಿತ್ತು. ನಿನಗೆ ಹೇಳು ಎಂದರು.”

ಅವನು ಕೇಳಿದ, “ಅವರಿಗೆ ಯಾವಾಗ ಗೊತ್ತಾಯಿತು?”

“ದಾರಿ ತೆಗೆದ ದಿನವೇ.”

“ವರ್ಷ ವರ್ಷ ಬಿತ್ತನೆಗೆ ಮುಂಚೆ ಫೋನ್ ಮಾಡುತ್ತಿದ್ದರು.”

“ಹೌದು. ಅದನ್ನು ಹೇಳುವುದಕ್ಕೇ ಮಾಡುತ್ತಿದ್ದರು ಅನಿಸುತ್ತದೆ.”

ಮುಂದಿನವರು ಮಣ್ಣು ಹಾಕಿ ಸರಿದರು. ಈಗ ರಸ್‌ನ ಸರದಿ. ಅವನು ಗುಂಡಿಯ ಅಂಚಿಗೆ ಹೋದ, ಕೆಳಗೆ ನೋಡಿದ, ಮುಷ್ಟಿ ಬಿಚ್ಚದೆ ಸಾಲಿನಿಂದ ಹೊರಗೆ ನಡೆದ.

“ಏನ್ ಮಾಡ್ಬಿಟ್ಟೆ ಅಕ್ಷರಾ!” ಸೋಮು ಅಂಕಲ್ ಪಿಸುಗುಟ್ಟಿದರು.

“ಅವಾ ಯಾಕ ಮಣ್ಣು ಹಾಕಲಿಲ್ಲ?” ಗಂಗಮ್ಮ ಕೇಳಿದಳು. “ಏನಂದಿ ನೀ ಅವಗ?”

“ಅಪ್ಪ ಹೇಳು ಅಂದಿದ್ದು, ಅವ್ವಾ.”

ಗಂಗಮ್ಮ ಮಗಳನ್ನು ನೋಡಿದಳು. ಆಮೇಲೆ ರಸ್‌ನತ್ತ ತಿರುಗಿದಳು.

ಅವನು ಟ್ರಕ್ಕಿಗೆ ಒರಗಿ, ಎಡಗೈಯಲ್ಲಿ ಫೋನನ್ನು ಕಿವಿಗೆ ಹಿಡಿದು ನಿಂತಿದ್ದ. ಬಲಗೈ ಇನ್ನೂ ಬಿಗಿಯಾಗಿಯೇ ಇತ್ತು. ಆ ಕಡೆ ಫೋನು ಬಹಳ ಸಲ ರಿಂಗಾಗಿರಬೇಕು. ಆಮೇಲೆ ಅವನ ತುಟಿ ‘ಡೇಲ್’ ಎಂದು ಅಲುಗಿತು. ಬೆರಳುಗಳು ಒಂದೊಂದಾಗಿ ಸಡಿಲಿದವು. ಮಣ್ಣು ಪಾಲಿಶ್ ಹಾಕಿದ ಬೂಟಿನ ಮೇಲೆ ಉದುರುತ್ತ ಹೋಯಿತು, ಅವನು ಕಾಲು ಸರಿಸಲಿಲ್ಲ.