ಬುರುಡೆ ನಾಣಿಯ ಸಾಕ್ಷಿ

ರಾಜಾಜಿನಗರದಲ್ಲಿ ನನ್ನನ್ನು ಅರಿಯದವರಿಲ್ಲ. ಕಾಗೆಗಳು ಕೂಡ ನನ್ನ ಸೈಕಲ್ ಅಂಗಡಿಯ ಮೇಲೆ ಒಂದು ಸುತ್ತು ಹಾಕಿ, ನಮಸ್ಕಾರ ಹೇಳಿಯೇ ಮುಂದೆ ಹಾರುತ್ತವೆ. ನಾನು ಗಾಳಿ ಹೊಡೆದ ಟ್ಯೂಬು ಮೈಸೂರಿಗೆ ಹೋಗಿ ಬಂದರೂ ಇಳಿಯುವುದಿಲ್ಲ. ಒಂದು ಸಲ ಪಂಪು ಸ್ವಲ್ಪ ಜೋರಾಗಿ ಒತ್ತಿದ್ದಕ್ಕೆ ಗಿರಾಕಿಯ ಸೈಕಲ್ಲು ನೆಲದಿಂದ ಮೊಳ ಮೇಲೆದ್ದು ನಿಂತಿತ್ತು. ನಂಬದವರು ನನ್ನನ್ನು ಬುರುಡೆ ನಾಣಿ ಎನ್ನುತ್ತಾರೆ. ನಂಬುವವರೂ ಹಾಗೇ ಎನ್ನುತ್ತಾರೆ. ಎಪ್ಪತ್ತನಾಲ್ಕನೇ ಇಸವಿಯ ಈ ಬೇಸಿಗೆಯವರೆಗೆ ಅದನ್ನೊಂದು ಬಿರುದಿನ ಹಾಗೆ ಹೊತ್ತು ತಿರುಗಿದೆ.

ಅಂಗಡಿಯ ಎದುರಿಗೆ, ನಮ್ಮ ಗಲ್ಲಿಗೆ ಬೆನ್ನು ಮಾಡಿಕೊಂಡು ಒಂದು ಕಟ್ಟಡವಿತ್ತು. ಮೇಲಿನ ಎರಡು ಅಂತಸ್ತಿನಲ್ಲಿ ಬಾಡಿಗೆ ಸಂಸಾರಗಳು. ಕೆಳಗೆ ಚಂದ್ರಪ್ರಭ ವಾರ್ನಿಶ್ ಕಂಪನಿಯ ಗೋಡೌನು. ಕಟ್ಟಡಕ್ಕೂ ಕಂಪನಿಗೂ ಒಬ್ಬನೇ ಮಾಲೀಕ. ಸಂಸಾರಗಳ ಕಾಲ ಕೆಳಗೆ ವಾರ್ನಿಶ್ಶು, ಥಿನ್ನರಿನಂಥ ಬೇಗ ಹೊತ್ತಿಕೊಳ್ಳುವ ಸಾಮಾನು ಇಡಕೂಡದೆಂದು ಕಾನೂನಿದೆಯಂತೆ. ಇಡಬಹುದೆಂದು ಸೀಲು ಒತ್ತಿಕೊಟ್ಟ ಒಂದು ಸರ್ಕಾರಿ ಆಫೀಸೂ ಇದೆ. ಅದು ಯಾವುದೆಂದು ನಾನು ಹೇಳುವುದಿಲ್ಲ. ನನ್ನ ಅಂಗಡಿಗೂ ಲೈಸೆನ್ಸ್ ಬೇಕಲ್ಲ!

ಕಟ್ಟಡಕ್ಕೆ ಮುಂದೊಂದು ಮೆಟ್ಟಿಲು, ಹಿಂದೊಂದು ಮೆಟ್ಟಿಲು. ಹಿಂದಿನ ಮೆಟ್ಟಿಲ ಕೆಳಗೆಲ್ಲ ಕಂಪನಿಯ ಡ್ರಮ್ಮುಗಳು. ಅವು ಕಳುವಾಗಬಾರದೆಂದು ವಾಚ್‌ಮನ್ ಹನುಮಯ್ಯ ದಿನವೂ ಸಂಜೆ ಅಲ್ಲಿಯ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ನನ್ನ ಅಂಗಡಿಗೆ ಬಂದು ಬೀಡಿಗೆ ಬೆಂಕಿ ಕೇಳುತ್ತಿದ್ದ. ಕಟ್ಟಡ ಉರಿದ ದಿನವೂ ಬೀಗ ಹಾಕಿದ, ಬೀಡಿ ಹಚ್ಚಿದ, ಹೋದ. ನಾನು ನೋಡಿದೆ. ನಾನೂ ಶಟರ್ ಎಳೆದು ಮನೆಗೆ ಹೋದೆ.

ಕೂಗಾಟ ಕೇಳಿ ಓಡಿ ಬರುವಷ್ಟರಲ್ಲಿ ಗಲ್ಲಿಯ ಕಡೆ ಬೆಂಕಿಯಿಂದ ಕಾಲಿಡುವ ಹಾಗಿರಲಿಲ್ಲ. ಮುಂದಿನ ಮೆಟ್ಟಿಲಲ್ಲಿ ಹೊಗೆ. ಧೈರ್ಯ ಮಾಡಿದವರು ಆ ಹೊಗೆಯಲ್ಲೇ ನುಗ್ಗಿ ಹೊರಬಿದ್ದರು. ಹೆದರಿದವರು ಹಿಂದಿನ ಬಾಗಿಲಿಗೆ ಓಡಿದರು. ಐದು ಜನ ಪ್ರಾಣ ಬಿಟ್ಟರು. ಇದೊಂದನ್ನು ನಾನು ಉಬ್ಬಿಸಿ ಹೇಳಿಲ್ಲ.

ಹೋದವರಲ್ಲಿ ವತ್ಸಲಾ ಒಬ್ಬಳು, ನನ್ನ ಗೆಳೆಯ ಚಕ್ರಪಾಣಿಯ ಹೆಂಡತಿ. ಅವನು ಬಲ್ಬ್ ಫ್ಯಾಕ್ಟರಿಯಲ್ಲಿ ಎರಡನೇ ಪಾಳಿಯಲ್ಲಿದ್ದ. ಅದೇ ಕಟ್ಟಡದಲ್ಲಿ ಬಾಡಿಗೆಗಿದ್ದ ಮುದುಕಿ ಪಾಪಮ್ಮನ ಸೊಸೆ ಇನ್ನೊಬ್ಬಳು.

ವಾರ ಕಳೆಯುವುದರೊಳಗೆ ಕಂಪನಿಯ ಕಡೆಯಿಂದ ಒಂದು ಮಾತು ಹೊರಟಿತು: ಮೊದಲನೇ ಮಹಡಿಯಲ್ಲಿ ಸೀಮೆಎಣ್ಣೆ ಸ್ಟೌ ಸಿಡಿಯಿತು, ಸ್ಟೌ ವತ್ಸಲಾಳದ್ದು, ಹಿಂದಿನ ಬಾಗಿಲು ತೆರೆದೇ ಇತ್ತು, ಜನ ಗಾಬರಿಯಲ್ಲಿ ದಾರಿ ತಪ್ಪಿದರು. ಪೇಪರಿನಲ್ಲೂ ಹಾಗೇ ಬಂತು. ಸೀಲು ಒತ್ತಿದ ಆಫೀಸಿನವರು ತಲೆಯಾಡಿಸಿದರು. ಹನುಮಯ್ಯನನ್ನು ಯಾವುದೋ ದೂರದೂರಿನ ಬ್ರಾಂಚಿಗೆ ಕಳಿಸಿಬಿಟ್ಟರು. ಉಳಿದ ಬಾಡಿಗೆದಾರರಿಗೆ ಮಾಲೀಕ ಬಸವೇಶ್ವರನಗರದ ಹೊಸ ಲೇಔಟಿನಲ್ಲಿ ಮನೆ ಹುಡುಕಿಕೊಟ್ಟ. ಆ ಗೃಹಪ್ರವೇಶದ ಪಾಯಸ ಕುಡಿದ ಮೇಲೆ ಒಬ್ಬರಿಗೂ ಹಿಂದಿನ ಬಾಗಿಲು ನೆನಪಾಗಲಿಲ್ಲ. ಪಾಪಮ್ಮ ಮಾತ್ರ ಆ ಮನೆ ಬೇಡವೆಂದು ನಮ್ಮ ಬೀದಿಯಲ್ಲೇ ಮಗನ ಜೊತೆ ಒಂದು ಕೋಣೆ ಹಿಡಿದಳು. ಚಕ್ರಪಾಣಿಯೂ ಪಕ್ಕದ ವಠಾರದಲ್ಲೇ ಇದ್ದ. ಅವನು ನಲ್ಲಿಗೆ ಬಿಂದಿಗೆ ತಂದರೆ ಪಾಪಮ್ಮ ಎಲ್ಲರಿಗೂ ಕೇಳುವ ಹಾಗೆ ಅನ್ನುತ್ತಿದ್ದಳು:

"ಸ್ಟೌ ಹಚ್ಚೋಕೆ ಬರದೇ ಇರೋಳ್ನ ಕಟ್ಕೊಂಡು ಬಂದ. ನನ್ ಸೊಸೇನ ಸುಟ್ ತಿಂದ್ಲು."

ಅವನು ಅರ್ಧ ಬಿಂದಿಗೆಗೇ ಎತ್ತಿಕೊಂಡು ಹೋಗುತ್ತಿದ್ದ.

ಸರ್ಕಾರ ಕರಿಬಸಪ್ಪ ಎಂಬ ಅಧಿಕಾರಿಯನ್ನು ವಿಚಾರಣೆಗೆ ನೇಮಿಸಿತು. ಆಗ ಚಕ್ರಪಾಣಿ ನನ್ನ ಅಂಗಡಿಗೆ ಬಂದ.

"ನಾಣಿ, ಬೀಗ ಹಾಕಿತ್ತು ಅಂತ ಹೇಳೋಕೆ ಉಳಿದಿರೋನು ನೀನೊಬ್ನೇ ಕಣೋ."

"ನಾನೊಬ್ಬ ಸಾಲ್ದೇನೋ? ನನ್ ಮಾತಿಗೆ ವಿಧಾನಸೌಧವೇ ಅಲ್ಲಾಡುತ್ತೆ!"

"ಅಲ್ಲಾಡಿಸ್ಬೇಡ ಮಾರಾಯ. ಬೀಗ ಇತ್ತು ಅನ್ನು, ಸಾಕು. ವತ್ಸಲಾ ಸಿಕ್ಕಿದ್ದು ಅಡುಗೆಮನೇಲಲ್ಲ, ಆ ಬಾಗ್ಲ ಹತ್ರ. ಐದು ಜನರ ಪಾಪ ಅವಳ ಹೆಸರಿಗೆ ಬರ್ದುಬಿಡ್ತಾರೆ ಕಣೋ."

ಸಾಕ್ಷಿಯ ದಿನ ಬೆಳಗ್ಗೆ ನನ್ನ ಹೆಂಡತಿ ಜಲಜಾ ಇಸ್ತ್ರಿ ಅಂಗಿ ಕೊಡುತ್ತಾ ಕಿವಿ ಹಿಂಡಿದಳು. "ಬಾಗ್ಲು, ಬೀಗ, ಹನುಮಯ್ಯ. ಅಷ್ಟೇ ಹೇಳ್ಬೇಕು. ಬೇರೆ ಮಾತು ಬಾಯಿಗೆ ಬಂದ್ರೆ ಒಂದು ಗುಟುಕು ನೀರು ಕುಡೀರಿ."

"ಹಂಗಾದ್ರೆ ಮಲ್ಲತ್ತಹಳ್ಳಿ ಕೆರೆ ಬತ್ತಿಹೋಗುತ್ತಲ್ಲೇ."

ಅವಳು ನಗಲಿಲ್ಲ.

ವಿಚಾರಣೆ ಸ್ಕೂಲಿನ ಹಾಲಿನಲ್ಲಿ. ದೊಡ್ಡವರೆಲ್ಲ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಅಷ್ಟು ಜನ! ಇಡೀ ಬೆಂಗಳೂರೇ ಬಂದಿತ್ತೆನ್ನಬೇಕು. ಅದು ಬೇಡ, ಹಾಲ್ ತುಂಬಿತ್ತು ಅಂದರೂ ಸಾಕು. ಎದ್ದು ನಿಂತೆ. ಜಲಜಾ ಹೇಳಿಕೊಟ್ಟ ಹಾಗೇ ಶುರು ಮಾಡಿದೆ. ಬಾಗಿಲು ಹೇಳಿದೆ. ಹನುಮಯ್ಯ ಹೇಳಿದೆ. ಬೀಗ ಹಾಕಿದ್ದನ್ನು ನೋಡಿದೆ ಎಂದೆ. ಅಧಿಕಾರಿ ಕರಿಬಸಪ್ಪನವರು ಬರೆದುಕೊಂಡರು. ಅಲ್ಲಿಗೆ ಕೂತಿದ್ದರೆ ಆಗಿತ್ತು. ಆದರೆ ಅಷ್ಟು ಮುಖ ನನ್ನ ಕಡೆ ತಿರುಗಿ ಕಾಯುತ್ತಿರುವಾಗ ಬರೀ ಬೀಗ ಎಂದು ನಿಲ್ಲಿಸುವುದು ನನಗೆ ಜಿಪುಣತನ ಅನ್ನಿಸಿತು.

"ಹಲಸಿನ ಹಣ್ಣಿನ ಗಾತ್ರದ ಬೀಗ ಸಾರ್!" ಎಂದೆ.

ಯಾರೋ ಕಿಸಕ್ಕೆಂದರು. ಕಂಪನಿಯ ವಕೀಲ ಉಗ್ರಪ್ಪ ಮೆಲ್ಲಗೆ ಎದ್ದ. ಹೆಸರು ಉಗ್ರಪ್ಪ, ಮುಖ ಮಾತ್ರ ಬೆಣ್ಣೆ ಹಚ್ಚಿದಂತೆ.

"ನಾಣಿಯವರೇ, ನಿಮ್ಮ ಸಾಹಸ ತುಂಬಾ ಕೇಳಿದೀನಿ. ಅವತ್ತು ನಲವತ್ತು ಜನರನ್ನ ಬೆನ್ನ ಮೇಲೆ ಹೊತ್ತು ಇಳಿಸಿದ್ರಂತೆ?"

ಪೇಪರಿನವನಿಗೆ ನಾನೇ ಹಾಗೆ ಹೇಳಿದ್ದೆ. ಆ ಕಟ್ಟಡದಲ್ಲಿ ಅಷ್ಟು ಜನರೇ ಇರಲಿಲ್ಲ. ನಿಜ ಹೇಳಬೇಕೆಂದರೆ ಪಾಪಮ್ಮ ತಾನೇ ಇಳಿದು ಬಂದಳು, ಕೊನೆಯ ಮೆಟ್ಟಿಲಲ್ಲಿ ನಾನು ಕೈ ಹಿಡಿದೆ, ಅಷ್ಟೇ.

"ಏನೋ ಸಾರ್, ಆ ಹೊತ್ತಿಗೆ ಮೈಯಲ್ಲಿ ಶಕ್ತಿ ಬಂತು," ಎಂದೆ.

"ಬರುತ್ತೆ, ಬರುತ್ತೆ. ಮಲ್ಲತ್ತಹಳ್ಳಿ ಕೆರೇಲೂ ಏನೋ ಆಯ್ತಂತಲ್ಲ? ನಮ್ಮ ಗುಮಾಸ್ತ ಹೇಳ್ತಿದ್ದ, ನನಗೆ ಅರ್ಧ ಮರೆತುಹೋಗಿದೆ. ನೀವೇ ಹೇಳಿಬಿಡಿ."

ಜಲಜಾ ಕೊಟ್ಟಿದ್ದ ನೀರು ಬೆಂಚಿನ ಮೇಲೇ ಇತ್ತು. ಅದರ ಕಡೆ ನೋಡಿದೆ. ಕುಡಿಯಲಿಲ್ಲ.

"ಸ್ನಾನಕ್ಕೆ ಅಂತ ಕೆರೆಗೆ ಇಳಿದಿದ್ದೆ ಸಾರ್. ಸೈಕಲ್ಲನ್ನ ಕೆರೆ ಏರಿ ಮೇಲೆ ನಿಲ್ಲಿಸಿದ್ದೆ. ಹಿಂದಿನಿಂದ ಟ್ರಿಣ್ ಟ್ರಿಣ್ ಅಂತು. ತಿರುಗಿ ನೋಡ್ತೀನಿ, ಆಳೆತ್ತರದ ಮೀನು ಸೀಟಿನ ಮೇಲೆ ಕೂತು ಬೆಲ್ ಹೊಡೀತಿದೆ! ಇಳಿ ಅಂದ್ರೆ ಇಳೀತಾನೇ ಇಲ್ಲ. ಕೊನೆಗೆ ಡಬಲ್ ರೈಡ್‌ನಲ್ಲಿ ನಾಯಂಡಹಳ್ಳಿವರೆಗೂ ಬಿಟ್ಟು ಬಂದೆ."

ಹಾಲಿಗೆ ಹಾಲೇ ನಕ್ಕಿತು. ಬೆಂಚುಗಳು ಅಲುಗಾಡಿದವು. ಅಧಿಕಾರಿಗಳು ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡರು. ನಾನು ಎದೆ ಉಬ್ಬಿಸಿಕೊಂಡು, ನಗು ಇಳಿಯುವುದನ್ನೇ ಕಾದು ನಿಂತೆ. ಇನ್ನೊಂದು ಹೇಳುವ ಉತ್ಸಾಹ.

ಉಗ್ರಪ್ಪನೂ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ: "ಆ ಬೀಗಾನೂ ಅದೇ ಕೆರೇಲಿ ನೋಡಿದ್ದಾ ಸಾರ್?"

ಈ ಸಲದ ನಗು ಮೊದಲಿನದಕ್ಕಿಂತ ಜೋರಾಗಿತ್ತು. "ನನ್ನ ಪ್ರಶ್ನೆ ಮುಗೀತು," ಎಂದು ಅವನು ಕೂತುಬಿಟ್ಟ.

"ಬೀಗ ನಿಜ ಸಾರ್," ಎಂದೆ. ಮತ್ತೆ ನಕ್ಕರು. "ದೇವ್ರಾಣೆಗೂ ನಿಜ ಸಾರ್." ಇನ್ನೂ ನಕ್ಕರು. ಅಧಿಕಾರಿಗಳು ಸಾಕು, ಕೂತುಕೊಳ್ಳಿ ಎಂದು ಕೈ ಮಾಡಿದರು.

ಹೊರಗೆ ಚಕ್ರಪಾಣಿ ಸ್ಕೂಲಿನ ಕಾಂಪೌಂಡಿಗೆ ಒರಗಿ ನಿಂತಿದ್ದ. ಹೊಡೆಯಲಿ ಎಂದುಕೊಂಡೇ ಹತ್ತಿರ ಹೋದೆ.

"ಬೈಯೋ," ಎಂದೆ. "ಕಪಾಳಕ್ಕೆ ಬಿಡೋ."

ಅವನು ನನ್ನ ಮುಖ ನೋಡಲಿಲ್ಲ. "ಮೀನು ಬೆಲ್ ಹೊಡೀತು ಅಂದ್ಯಲ್ಲ, ಆಗ ನಾನೂ ನಕ್ಕುಬಿಟ್ಟೆ ಕಣೋ. ಅವಳು ಹೋದ್ಮೇಲೆ ಇದೇ ಮೊದಲು."

ಅವನು ಹೊರಟುಹೋದ.

ಮಾರನೆಯ ದಿನ ಕರಿಬಸಪ್ಪನವರ ಆಫೀಸಿಗೆ ಹೋಗಿ ಕೈ ಮುಗಿದು ನಿಂತೆ. ಇನ್ನೊಂದು ಸಲ ಸಾಕ್ಷಿ ಹೇಳುತ್ತೇನೆ, ಬೀಗ ಎಂಬ ಮಾತಿನ ಹಿಂದೆ ಮುಂದೆ ಒಂದಕ್ಷರ ಸೇರಿಸುವುದಿಲ್ಲ ಎಂದೆ. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

"ನಾನು ನಿಮ್ಮನ್ನ ನಂಬ್ತೀನಿ ರೀ. ಆದ್ರೆ ಏನಂತ ಬರೀಲಿ? ಮೀನಿನ ಕತೇನೂ ಅದೇ ಸಾಕ್ಷಿಯೊಳಗೆ ಸೇರ್ಕೊಂಡಿದೆ. ನಿಮ್ಮ ಮಾತಿನ ಮೇಲೆ ಕಂಪನಿ ಮೇಲೋ, ಇಲಾಖೆ ಮೇಲೋ ತಪ್ಪು ಹೊರಿಸಿದ್ರೆ ಮೇಲಿನೋರು ನನ್ನೇ ಕೇಳ್ತಾರೆ." ಮುಂದಿನ ಮಾತು ಮೇಜಿಗೆ ಹೇಳಿದಂತಿತ್ತು. "ನಾನಾದ್ರೂ ಆ ವಕೀಲನ್ನ ಆಗ್ಲೇ ತಡೀಬೇಕಿತ್ತು. ನಗ್ತಾ ಕೂತೆ."

ವರದಿ ಬಂತು. ಸ್ಟೌ. ಕಂಪನಿಯ ತಪ್ಪಿಲ್ಲ, ಆಫೀಸಿನ ತಪ್ಪಿಲ್ಲ. ಗೃಹಿಣಿಯರು ಸೀಮೆಎಣ್ಣೆ ಸ್ಟೌ ಬಳಸುವಾಗ ಎಚ್ಚರ ವಹಿಸಬೇಕೆಂದು ಒಂದು ಸಲಹೆ ಬೇರೆ. ಚಂದ್ರಪ್ರಭದ ಬೋರ್ಡು ನಾಯಂಡಹಳ್ಳಿಯ ಇನ್ನೊಂದು ಕಟ್ಟಡಕ್ಕೆ ಏರಿತು. ಅದರ ಮೇಲೂ ಸಂಸಾರಗಳಿವೆಯಂತೆ. ನಾನು ಹೋಗಿ ನೋಡಲಿಲ್ಲ, ನೋಡುವ ಧೈರ್ಯವಿಲ್ಲ.

ಒಂದು ಮಧ್ಯಾಹ್ನ ಪಾಪಮ್ಮನ ಮನೆಗೆ ಹೋದೆ. ಅವಳು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು.

"ಬಾರಪ್ಪ, ಏನ್ ಬುರುಡೆ ತಂದಿದೀಯ ಇವತ್ತು?"

ನೆಲದ ಮೇಲೆ ಕೂತೆ. "ಬಾಗ್ಲಿಗೆ ಬೀಗ ಹಾಕಿತ್ತು ಪಾಪಮ್ಮ. ಹನುಮಯ್ಯ ಹಾಕಿದ್ದು ನಾನು ನೋಡಿದೆ."

ಮೊರ ನಿಂತಿತು. ಇನ್ನೇನಾದರೂ ಬರುತ್ತದೆಂದು ಅವಳು ಕಾದಳು. ನಾನು ಸುಮ್ಮನಿದ್ದೆ. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

"ಹೊರಗಿಂದ್ಲಾ?"

"ಹೊರಗಿಂದ."

"ನನ್ ಸೊಸೆ, ಆ ಚಕ್ರಪಾಣಿ ಹೆಂಡ್ತಿ, ಎಲ್ರೂ ಒಳಗಿಂದ ತಳ್ತಿದ್ರೇನೋ."

ಅವಳು ಅಕ್ಕಿಯಲ್ಲಿ ಒಂದು ಕಲ್ಲು ಹುಡುಕಿ ಎಸೆದಳು. ಇನ್ನೊಂದು ಹುಡುಕಿದಳು.

"ಇದನ್ನ ಎಲ್ರಿಗೂ ಹೇಳ್ತೀನಿ ಪಾಪಮ್ಮ. ಮನೆಮನೆಗೂ ಹೋಗ್ತೀನಿ."

"ಬೇಡ," ಎಂದಳು. "ನೀನ್ ಹೇಳಿದ್ರೆ ಇರೋ ಬೀಗಾನೂ ಇಲ್ದಂಗಾಗುತ್ತೆ. ನೀನು ಬಾಯಿ ಮುಚ್ಕೊಂಡಿರು."

ಮರುದಿನ ನಲ್ಲಿಯ ಹತ್ತಿರ ಹೆಂಗಸರ ಗುಂಪು. ನಾನು ಅಂಗಡಿಯಲ್ಲಿ ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದೆ. ಪಾಪಮ್ಮನ ದನಿ ಕೇಳಿಸಿತು.

"ಹಿಂದಿನ ಬಾಗ್ಲಿಗೆ ಹೊರಗಿಂದ ಬೀಗ ಜಡಿದಿದ್ರು ಕಣ್ರೇ. ಸ್ಟೌವೂ ಇಲ್ಲ, ಮಣ್ಣೂ ಇಲ್ಲ. ಕಂಪ್ನೀನೋರೇ ಕೊಂದಿದ್ದು. ಪರ್ಮಿಟ್ ಕೊಟ್ಟೋರೂ ಅಷ್ಟೇ."

"ಯಾರು ಹೇಳಿದ್ರು ಪಾಪಮ್ಮೋರೆ?" ಯಾರೋ ಕೇಳಿದರು.

ನಾನು ತಲೆ ತಗ್ಗಿಸಿದೆ. ಟ್ಯೂಬಿನಿಂದ ಗುಳ್ಳೆ ಏಳುತ್ತಿತ್ತು.

"ಯಾರ್ ಹೇಳಿದ್ರೆ ಏನು? ನಾನ್ ಹೇಳ್ತಾ ಇದೀನಿ."

ಯಾರೂ ನಗಲಿಲ್ಲ. ಅಷ್ಟರಲ್ಲಿ ಚಕ್ರಪಾಣಿ ಬಿಂದಿಗೆ ಹಿಡಿದು ಬಂದ. ಪಾಪಮ್ಮ ಅವನ ಮುಖ ನೋಡಲಿಲ್ಲ. ತನ್ನ ಕೊಡವನ್ನು ನಲ್ಲಿಯ ಕೆಳಗಿನಿಂದ ಪಕ್ಕಕ್ಕೆ ಸರಿಸಿ ಜಾಗ ಬಿಟ್ಟಳು. ಅವನ ಬಿಂದಿಗೆ ತುಂಬುವವರೆಗೂ ಅಲ್ಲೇ ನಿಂತಿದ್ದಳು.