ಸಿಲಾಳ ಕೋಣೆಯ ಸೂರು

ಅಮ್ಮಾನ್ ನಗರದ ಆ ಕಲ್ಲುಮನೆಯ ತಾರಸಿಯ ಮೇಲೆ ಹನ್ನೊಂದು ವರ್ಷದಿಂದ ಕಬ್ಬಿಣದ ಕಂಬಿಗಳು ತುಕ್ಕು ಹಿಡಿದು ನಿಂತಿದ್ದವು. ರುದೈನಾಳ ಮೈದುನ ಮುಅತಸಿಮ್ ಮುಂದೆಂದೋ ಕಟ್ಟಲಿರುವ ಅಂತಸ್ತಿನ ಕಂಬಿಗಳು. ಅಂತಸ್ತು ಏಳುವ ತನಕ ಇರಲೆಂದು ಅವನು ಅಲ್ಲೇ ತಗಡು ಹೊದಿಸಿದ ಒಂದು ಕೋಣೆ ಎಬ್ಬಿಸಿಕೊಂಡಿದ್ದ. ಮದುವೆಯಾಗಿಲ್ಲ, ಮನೆಯಾಗಿಲ್ಲ, ಬಾಯಿಗೆ ಮಾತ್ರ ಬರವಿರಲಿಲ್ಲ.

ಆ ತಾರಸಿಯ ಕೆಳಗೆ ರುದೈನಾಳ ಸಂಸಾರ. ಚಳಿಗಾಲ ಬಂತೆಂದರೆ ಮಗಳು ಸಿಲಾಳ ಕೋಣೆಯ ಸೂರು ಬೆವರಿ ಮೂಲೆಮೂಲೆಗೂ ಕಪ್ಪು ಬೂಷ್ಟು ಹತ್ತುತ್ತಿತ್ತು. ಗ್ಯಾಸ್ ಹೀಟರ್ ದಿನವಿಡೀ ಉರಿದರೂ ಆರು ವರ್ಷದ ಮಗುವಿನ ಮೂಗು ತಣ್ಣಗೆ, ಎದೆಯೊಳಗೆ ಗುಯ್ ಗುಯ್ ಸದ್ದು. ಔಷಧಿ ಆಮೇಲೆ, ಮೊದಲು ಕೋಣೆ ಒಣಗಿಸಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ತಾರಸಿಗೆಲ್ಲ ದಪ್ಪ ಥರ್ಮಾಕೋಲ್ ಹಾಸಿ ಗಾರೆ ಹಾಕಿದರೆ ಶಾಖ ಒಳಗೇ ನಿಲ್ಲುತ್ತದೆ ಎಂದ ಕೆಲಸದವನು. ಅವನು ಅಳತೆ ಟೇಪು ಬಿಚ್ಚುವ ಮೊದಲೇ ಮುಅತಸಿಮ್ ಅಡ್ಡ ನಿಂತ.

"ಗಾರೆ ಹಾಕಿದ ತಾರಸಿ ಅಂದ್ರೆ ಮುಗಿದ ಮನೆ, ಅತ್ತಿಗೆ. ನನ್ನ ಕಂಬಿ ಹೂಳೋಕೆ ಬಂದಿದ್ದೀರಾ?"

ಕೆಳ ಅಂತಸ್ತಿನಿಂದ ಅತ್ತೆ ಹಾಜಾ ವಸ್ಫಿಯಾ ಮೆಟ್ಟಿಲು ಹತ್ತಿ ಬಂದು ಮಗನ ಪರ ನಿಂತಳು. ಸಾಲ್ಟ್ ಊರಿನಲ್ಲಿ ಅವನಿಗೆ ಹೆಣ್ಣು ಗೊತ್ತಾಗುತ್ತಿರುವಾಗ ತಾರಸಿ ಮುಚ್ಚಿದರೆ ಬೀಗರು ಏನಂದುಕೊಂಡಾರು? ಮಗುವಿಗೆ ಕೆಮ್ಮೆಂದರೆ ತಾಯಿ ಸ್ವೆಟರ್ ಹಾಕದ್ದಕ್ಕೆ, ಅಷ್ಟೆ. ಗಂಡ ನಾಯಿಫ್ ಎಂದಿನಂತೆ ಅತ್ತ ನೋಡಿ ಹೂಂ ಅಂದ, ಇತ್ತ ನೋಡಿಯೂ ಹೂಂ ಅಂದ. ಅಂಥ ಗಂಡನಿಗಿಂತ ಗೋಡೆಗೂಟ ವಾಸಿ, ಅಂಗಿಯನ್ನಾದರೂ ನೇತುಹಾಕಬಹುದು.

ರುದೈನಾ ಮದುವೆಯ ಬಳೆಯೊಂದನ್ನು ಮಾರಿ ಅದೇ ಕೆಲಸದವನನ್ನು ಒಳಗೆ ಕರೆಸಿದಳು. ಬೂಷ್ಟು ಕೆರೆಸಿ, ಮಗಳ ಕೋಣೆಯ ಸೂರಿಗೆ ಒಳಗಿನಿಂದಲೇ ಥರ್ಮಾಕೋಲ್ ಹಲಗೆ ಹೊಡೆಸಿ, ಅದಕ್ಕೆ ಜಿಪ್ಸಮ್ ಹೊದಿಸಿದಳು. ತಾರಸಿ ಮೈದುನನದಾದರೆ ಸೂರು ತನ್ನದು.

ಹತ್ತೇ ದಿನದಲ್ಲಿ ಕೋಣೆ ಒಣಗಿತು. ಸಿಲಾ ಬಾಯಿ ಮುಚ್ಚಿಕೊಂಡು ಮಲಗುವುದನ್ನು ಕಲಿತಳು. ಬಾಗಿಲಲ್ಲಿ ನಿಂತು ಆ ಉಸಿರು ಕೇಳುವಾಗ ರುದೈನಾಳಿಗೆ ಕಣ್ಣು ತುಂಬಿ ಬರುತ್ತಿತ್ತು.

ಹನ್ನೊಂದನೆಯ ದಿನ ಸಂಜೆ ತಾಯಿ ಮಗ ಇಬ್ಬರೂ ಬಂದರು. ಮುಅತಸಿಮ್ ಎರಡೆರಡು ಕಾಲುಚೀಲ ಹಾಕಿದ್ದ. ಸಿಲಾಳ ಕೋಣೆಯ ಮೇಲಿರುವ ತನ್ನ ಕೋಣೆಯ ನೆಲ ಮಂಜುಗಡ್ಡೆಯಾಗಿದೆ, ಕಾಲಿಡಲಾಗುವುದಿಲ್ಲ, ಈ ಹೆಂಗಸು ಬೇಕೆಂದೇ ಮಾಡಿದ್ದಾಳೆ ಎಂದು ಕೂಗಾಡಿದ.

ರುದೈನಾಳಿಗೆ ಆಗ ಹೊಳೆಯಿತು. ಇಷ್ಟು ವರ್ಷ ಮಗಳಿಗೆಂದು ಉರಿಸಿದ ಬೆಂಕಿ ಸೂರು ದಾಟಿ ಇವನ ಅಂಗಾಲು ಕಾಯಿಸಿತ್ತು.

ಹಲಗೆ ಈಗಲೇ ಬಿಚ್ಚಿಸು ಎಂದು ಅತ್ತೆ ಹಿರಿಮಗನಿಗೆ ಅಪ್ಪಣೆ ಕೊಟ್ಟಳು. ನಾಯಿಫ್ ಹೂಂ ಅಂದು ಸ್ಕ್ರೂಡ್ರೈವರ್ ತಂದು, ಮಗಳ ಕೋಣೆಯಲ್ಲಿ ಕುರ್ಚಿ ಹತ್ತಿಯೇ ಬಿಟ್ಟ. ರುದೈನಾ ತಡೆಯಲಿಲ್ಲ. ಬೀರು ತೆಗೆದು ಸಿಲಾಳ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು.

"ಎಲ್ಲಿಗೇ?" ಎಂದಳು ಅತ್ತೆ.

"ತವರಿಗೆ. ನಿಮ್ಮ ಮಗ ಕರೆಯೋಕೆ ಬರುವಾಗ ಹಿರಿಯರನ್ನ ಕಟ್ಟಿಕೊಂಡೇ ಬರಬೇಕಲ್ಲ, ಅತ್ತೆ. ಯಾಕಮ್ಮ ಮುನಿಸು ಅಂತ ಅವರು ಕೇಳೇ ಕೇಳ್ತಾರೆ. ಮೂವತ್ತೆಂಟು ವರ್ಷದ ಗಂಡಸು ಉಬ್ಬಸದ ಮಗುವಿನ ಒಲೇಲಿ ಚಳಿ ಕಾಯಿಸ್ಕೊಂಡ, ಅದು ತಪ್ಪಿದ್ದಕ್ಕೆ ಮಗುವಿನ ಸೂರು ಕೀಳಿಸಿದ ಅಂತೀನಿ. ಅವರಲ್ಲಿ ಸಾಲ್ಟಿನವರು ಒಬ್ಬರಾದ್ರೂ ಇರ್ತಾರೆ."

ಹಾಜಾ ವಸ್ಫಿಯಾ ಜಪಮಣಿ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟಳು.

"ಇಳಿಯೋ ಅಣ್ಣ," ಎಂದ ಮುಅತಸಿಮ್, ಅತ್ತಿಗೆಯ ಮುಖ ನೋಡದೆ.

ನಾಯಿಫ್ ಅದಕ್ಕೂ ಹೂಂ ಅಂದ.

ಆಮೇಲೆ ಅತ್ತಿಗೆ ಮೈದುನರಿಗೆ ಮಾತಿಲ್ಲ. ಸಂಜೆಯಾದರೆ ಮೈದುನ ಬೇಕೆಂದೇ ಮರದ ಚಪ್ಪಲಿ ಮೆಟ್ಟಿ, ಸಿಲಾಳ ಕೋಣೆಯ ಮೇಲೆ ಧಡಧಡ ಓಡಾಡುತ್ತಾನೆ. ಮಗು ಅಲುಗದೆ ನಿದ್ದೆ ಹೋಗುತ್ತದೆ. ರುದೈನಾ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತ ಒಂದೊಂದು ಸದ್ದನ್ನೂ ಆಲಿಸುತ್ತಾಳೆ. ಕಾಲು ಮರಗಟ್ಟಿದವನು ಹಾಗೇ ಕುಣಿಯುವುದು, ಕುಣಿಯಲಿ.